ಎನ್‌ವಿಡಿಯಾ ಟಾರ್ಗೆಟ್ ಜೊತೆ ಗಿರಾಕಿಗಳ ಖರ್ಚೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ವಾಣಿಜ್ಯ ಪುಟದಲ್ಲಿ ಎಐ ಚಿಪ್ ಮಾಡೋ ಎನ್‌ವಿಡಿಯಾ ಷೇರಿನ ಸುದ್ದಿ ಬಂದಾಗೆಲ್ಲ ಎಷ್ಟು ಏರ್ತು, ಎಷ್ಟು ಇಳೀತು, ಯಾವ ಬ್ರೋಕರೇಜ್ ಎಷ್ಟು ಟಾರ್ಗೆಟ್ (ಷೇರು ಎಷ್ಟಕ್ಕೆ ಹೋಗಬಹುದು ಅನ್ನೋ ಅಂದಾಜು) ಕೊಡ್ತು ಅನ್ನೋದೇ ಇರುತ್ತೆ. ಆ ಕಂಪನಿಗೆ ದುಡ್ಡು ಕೊಡ್ತಿರೋರು ಯಾರು, ಇನ್ನೆಷ್ಟು ದಿನ ಹೀಗೇ ಕೊಡ್ತಾರೆ ಅನ್ನೋದು ಬರೋದೇ ಇಲ್ಲ. ಷೇರಿನ ಭವಿಷ್ಯ ನಿಂತಿರೋದೇ ಅದರ ಮೇಲೆ ಸ್ವಾಮಿ.

2023ರ ಜನವರಿಗೆ ಮುಗಿದ ವರ್ಷದಲ್ಲಿ ಎನ್‌ವಿಡಿಯಾ ಆದಾಯ 27 ಬಿಲಿಯನ್ ಡಾಲರ್, ಎರಡೇ ವರ್ಷಕ್ಕೆ ಅದು 130 ಬಿಲಿಯನ್ ದಾಟ್ತು, ಅದ್ರಲ್ಲಿ 115 ಬಿಲಿಯನ್ ಡೇಟಾ ಸೆಂಟರ್‌ನಿಂದಲೇ ಬಂದಿದ್ದು. ಮೈಕ್ರೋಸಾಫ್ಟ್, ಅಮೆಜಾನ್, ಗೂಗಲ್, ಮೆಟಾ ಥರದ ಬೆರಳೆಣಿಕೆಯಷ್ಟು ಗಿರಾಕಿಗಳು ಎಐಗೆ ಅಂತ ಕೈಬಿಚ್ಚಿ ಖರ್ಚು ಮಾಡಿದ್ದಕ್ಕೇ ಇಷ್ಟು ಬೆಳವಣಿಗೆ. 2025ರ ಜನವರಿ 27ಕ್ಕೆ ಚೀನಾದ ಡೀಪ್‌ಸೀಕ್ ಕಂಪನಿ ಕಮ್ಮಿ ಖರ್ಚಲ್ಲೇ ಎಐ ಮಾಡಿದೆ ಅನ್ನೋ ಸುದ್ದಿಗೆ ಷೇರು ಒಂದೇ ದಿನ ಶೇ 17 ಬಿದ್ದು 600 ಬಿಲಿಯನ್ ಡಾಲರ್ ಹತ್ತಿರ ಕರಗಿಹೋಯ್ತಲ್ಲ, ಆಗ ಎಲ್ರೂ ಕಥೆ ಮುಗೀತು ಅಂದ್ರು, ಆದ್ರೆ ಮುಂದಿನ ಎರಡು ವಾರದಲ್ಲೇ ಗೂಗಲ್‌ನ ಆಲ್ಫಾಬೆಟ್ ಆ ವರ್ಷಕ್ಕೆ 75 ಬಿಲಿಯನ್, ಅಮೆಜಾನ್ ಸುಮಾರು 100 ಬಿಲಿಯನ್ ಖರ್ಚು ಅಂತ ಹೇಳಿದ್ವು. ಜುಲೈಗೆ ಎನ್‌ವಿಡಿಯಾ 4 ಟ್ರಿಲಿಯನ್ ಡಾಲರ್ ಮೌಲ್ಯದ ಕಂಪನಿ ಆಯ್ತು. ಗಿರಾಕಿ ಕೈ ಹಿಂದೆ ತೆಗೀಲಿಲ್ಲ, ಅಷ್ಟೇ.

ಹಾಗಂತ ಇದು ಹೀಗೇ ಇರುತ್ತೆ ಅಂತ ನಾನು ನಂಬಲ್ಲ. ಸವಕಳಿ ಲೆಕ್ಕ ನೋಡಿ, ಅಂದ್ರೆ ಮಷೀನಿನ ಬೆಲೆನ ಅದು ಬಾಳೋ ವರ್ಷಗಳಿಗೆ ಹಂಚಿ ಖರ್ಚು ಅಂತ ತೋರಿಸೋದು. ಅದೇ 2025ರ ಜನವರಿಯಿಂದ ಮೆಟಾ ತನ್ನ ಸರ್ವರ್‌ಗಳು ಐದೂವರೆ ವರ್ಷ ಬಾಳಿಕೆ ಬರುತ್ತೆ ಅಂತ ಅವಧಿ ಹೆಚ್ಚಿಸ್ಕೊಂಡ್ತು, ಅಮೆಜಾನ್ ಮಾತ್ರ ಎಐ ತಂತ್ರಜ್ಞಾನ ಬೇಗ ಬೇಗ ಬದಲಾಗ್ತಿದೆ ಅಂತ ಒಂದಷ್ಟು ಸರ್ವರ್‌ಗಳಿಗೆ ಆರು ವರ್ಷ ಇದ್ದಿದ್ದನ್ನ ಐದಕ್ಕೆ ಇಳಿಸ್ತು. ವರ್ಷ ಹೆಚ್ಚಿಸಿದ್ರೆ ಈ ಸಲದ ಲಾಭ ಚೆನ್ನಾಗಿ ಕಾಣುತ್ತೆ, ಆದ್ರೆ ಮಷೀನು ಅಷ್ಟು ದಿನ ಕೆಲಸಕ್ಕೆ ಬರದೇ ಹೋದ್ರೆ ಆ ಹೊರೆಯೆಲ್ಲ ಒಟ್ಟಿಗೆ ಮೇಲೆ ಬೀಳುತ್ತೆ, ಆಗ ಮೊದಲು ಕತ್ತರಿ ಬೀಳೋದು ಹೊಸ ಚಿಪ್ ಆರ್ಡರ್‌ಗೇ.

ಇಂಟರ್ನೆಟ್ ಜಾಲದ ಉಪಕರಣ ಮಾಡೋ ಸಿಸ್ಕೋ ಕಥೆ ನೆನಪಿರೋರಿಗೆ ಇದು ಅರ್ಥ ಆಗುತ್ತೆ. 2000ದ ಮಾರ್ಚಲ್ಲಿ ಅದು ಜಗತ್ತಿನ ಅತಿ ದೊಡ್ಡ ಮೌಲ್ಯದ ಕಂಪನಿ, ಇಂಟರ್ನೆಟ್ ಬೆಳೆಯುತ್ತೆ ಅಂದಿದ್ದೂ ನಿಜಾನೇ ಆಯ್ತು, ಆದ್ರೂ ಗಿರಾಕಿಗಳು ಖರ್ಚು ನಿಲ್ಲಿಸಿದ ತಕ್ಷಣ ಗೋಡೌನಲ್ಲಿ ಮಾಲು ಉಳಿದು 2001ರಲ್ಲಿ 2 ಬಿಲಿಯನ್‌ಗೂ ಜಾಸ್ತಿ ನಷ್ಟ ಬರೆದುಕೊಳ್ಬೇಕಾಯ್ತು, ಷೇರು ಶೇ 80ಕ್ಕಿಂತ ಹೆಚ್ಚು ಬಿತ್ತು, ಹಳೇ ಬೆಲೆ ಮುಟ್ಟೋಕೆ 25 ವರ್ಷ ಹಿಡೀತು.

ಅಮೆರಿಕದ ಷೇರು ನಮಗ್ಯಾಕೆ ಅನ್ನೋ ಕಾಲ ಅಲ್ಲ ಇದು. ಬೆಂಗಳೂರಲ್ಲಿ ಚಿಪ್ ಡಿಸೈನ್ ಮಾಡೋ ಎಷ್ಟೋ ಹುಡುಗ ಹುಡುಗೀರಿಗೆ ಸಂಬಳದ ಜೊತೆ ಕಂಪನಿ ಷೇರೂ ಬರುತ್ತೆ, ಅದನ್ನ ಮಾರದೇ ಹಾಗೇ ಇಟ್ಕೊಂಡು, ಸಾಲದು ಅಂತ ಆ್ಯಪ್‌ನಲ್ಲಿ ಇನ್ನಷ್ಟು ಇಂಥದ್ದೇ ಷೇರು ಕೊಳ್ತಾರೆ, ಮೇಲೆ ಫ್ಲ್ಯಾಟಿನ ಇಎಂಐ ಬೇರೆ. ಸಂಬಳನೂ ಉಳಿತಾಯನೂ ಅದೇ ನಾಲ್ಕು ಗಿರಾಕಿಗಳ ಕೈಲಿದೆ. ಇವರ ಬಗ್ಗೆ ನನಗೆ ನಿಜವಾಗ್ಲೂ ಆತಂಕ ಇದೆ.

ಅದಕ್ಕೇ ಕೇಳ್ತಿದೀನಿ, ಮೂರು ತಿಂಗಳಿಗೊಮ್ಮೆ ರಿಸಲ್ಟ್ ಬಂದಾಗ ಈ ನಾಲ್ಕೂ ಕಂಪನಿಗಳ ಬಂಡವಾಳ ವೆಚ್ಚ (ಡೇಟಾ ಸೆಂಟರ್, ಸರ್ವರ್ ಥರದ್ದಕ್ಕೆ ಹಾಕೋ ದುಡ್ಡು) ಹಿಂದಿನ ತ್ರೈಮಾಸಿಕಕ್ಕಿಂತ ಹೆಚ್ಚಾಯ್ತಾ ಕಮ್ಮಿ ಆಯ್ತಾ, ಸವಕಳಿ ಅವಧಿ ಬದಲಾಯ್ತಾ ಅಂತ ಒಂದು ಪುಟ್ಟ ಪಟ್ಟಿ ಹಾಕಿ. ಟಾರ್ಗೆಟ್ ಪ್ರೈಸ್ ಹಾಕೋ ಜಾಗದಲ್ಲೇ ಹಿಡಿಸುತ್ತೆ.

ಇಂತಿ,
ನಿಮ್ಮ ಓದುಗ, ಬೆಂಗಳೂರು