ಅಮ್ಮನಿಗೆ ಬೈಯಬೇಡ ಕಣೋ

ಪ್ರೀತಿಯ ಗೆಳೆಯಾ,

"ಕಾಡಿಗೆ ಹೋಗಬೇಡ ಅಂದರೆ ಅಮ್ಮ ಕೇಳೋದೇ ಇಲ್ಲ, ಊರಲ್ಲಿ ಯಾರಿಗೂ ಭಯವೇ ಇಲ್ಲ" ಎಂದು ಮೊನ್ನೆ ಫೋನಿನಲ್ಲಿ ಬೇಸರ ಮಾಡಿಕೊಂಡೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಭಯ ಇಲ್ಲದೇ ಏನು ಮಾರಾಯ? 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಿನಿಂದ ಮಲೆನಾಡು ಈ ಮಂಗನ ಕಾಯಿಲೆಯನ್ನು ನೋಡುತ್ತಲೇ ಬಂದಿದೆ. ಉಣುಗು, ಅಂದರೆ ಕಾಡಿನ ಉಣ್ಣೆ ಹುಳ, ಕಚ್ಚಿದರೆ ಬರುತ್ತದೆ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಎಂದು ನಿನ್ನ ಅಮ್ಮನೇ ನಿನಗೆ ಹೇಳಿಕೊಡುತ್ತಾರೆ. 2018ರ ಕೊನೆಗೆ ನಮ್ಮ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಒಬ್ಬರ ಹಿಂದೆ ಒಬ್ಬರು ಸತ್ತಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ.

ಕಷ್ಟ ಇರುವುದು ಕಾಲದಲ್ಲಿ. ಡಿಸೆಂಬರಿನಿಂದ ಮೇ ತನಕ ಕಾಯಿಲೆಯ ಕಾಲ. ತರಗೆಲೆ ಉದುರುವುದೂ ಆಗಲೇ, ಸೌದೆ ಒಣಗುವುದೂ ಆಗಲೇ, ಅಡಿಕೆ ಕೊಯ್ಲೂ ಆಗಲೇ. ಕೊಟ್ಟಿಗೆಗೆ ದರಕು, ಅಂದರೆ ಆ ಒಣ ತರಗೆಲೆ, ಬೇಕು, ಅದೇ ಗೊಬ್ಬರವಾಗಿ ತೋಟಕ್ಕೆ ಹೋಗಬೇಕು. ಮಳೆ ಹಿಡಿದ ಮೇಲೆ ಎಲ್ಲಿಂದ ತರುವುದು? "ಕಾಡಿಗೆ ಹೋಗಬೇಡಿ" ಎಂದು ಜೀಪಿನಲ್ಲಿ ಮೈಕ್ ಕಟ್ಟಿಕೊಂಡು ಕೂಗುವುದು ಸುಲಭ. ಅದರ ಬದಲು ಏನು ಮಾಡಬೇಕು ಎಂದು ಹೇಳುವವರು ಬೇಕಲ್ವಾ?

ದರಕಿಗೆ ಹೋಗುವವರನ್ನು ಒಮ್ಮೆ ಹತ್ತಿರದಿಂದ ನೋಡು. ಸೀರೆಯ ಮೇಲೆ ಗಂಡನ ಹಳೆಯ ತುಂಬು ತೋಳಿನ ಅಂಗಿ, ತಲೆಗೊಂದು ಬಟ್ಟೆ. ಗುಡಿಸುವಾಗ ಬಗ್ಗಿ ಬಗ್ಗಿ ಸೀರೆ ಮೇಲೆ ಸರಿಯುತ್ತದೆ, ಕಾಲು ಬಯಲಾಗುತ್ತದೆ. ಆಮೇಲೆ ಹೊರೆ ತಲೆಗೇರುತ್ತದೆ. ಎಲೆಯಲ್ಲಿದ್ದ ಉಣುಗು ಕುತ್ತಿಗೆಗೆ ಇಳಿಯುತ್ತದೆ. ಮರಿ ಉಣುಗು ಎಳ್ಳು ಕಾಳಿಗಿಂತ ಸಣ್ಣದು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರು ಕಂಡುಹಿಡಿದ ಡೇಪಾ ಎಣ್ಣೆ ಹಚ್ಚಿಕೊಂಡರೆ ಅದು ಹತ್ತಿರ ಬರುವುದು ಕಡಿಮೆ. ಆದರೆ ಒಂದು ವರ್ಷ ನಮ್ಮ ಕೇರಿಗೆ ಎಣ್ಣೆ ಬಂದಾಗ ಅರ್ಧ ದರಕು ಕೊಟ್ಟಿಗೆ ಸೇರಿ ಆಗಿತ್ತು. ಆಗ ಕೊಟ್ಟ ಬಾಟಲಿ ಎಷ್ಟೋ ಮನೆಗಳಲ್ಲಿ ಅಟ್ಟ ಸೇರಿತು. ನನಗೆ ಈಗಲೂ ಸಿಟ್ಟು ಬರುವುದು ಈ ವಿಷಯಕ್ಕೇ.

ಚುಚ್ಚುಮದ್ದಿನ ಕಥೆಯೂ ನಿನಗೆ ಗೊತ್ತಿರಲಿ. ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಇನ್ನೊಂದು, ಮತ್ತೆ ವರ್ಷ ವರ್ಷವೂ. ಕೈ ಎತ್ತಲಾಗದಷ್ಟು ನೋವು. ಕೂಲಿಗೆ ಹೋಗುವವರಿಗೆ ಅದೆಂದರೆ ಒಂದು ದಿನದ ದುಡಿಮೆ ಹೋದಂತೆ. ಅಷ್ಟು ಮಾಡಿಯೂ ಚುಚ್ಚಿಸಿಕೊಂಡವರಿಗೆ ಕಾಯಿಲೆ ಬಂದದ್ದುಂಟು. ಕೊನೆಗೆ ಪರಿಣಾಮ ಸಾಲದೆಂದು 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು. ಈಗ ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಬಂದ ದಿನ ಜನ ಹಿಂದೆ ಮುಂದೆ ನೋಡಿದರೆ ಮೂಢರು ಅನ್ನಬೇಡ. ಹಳೆಯದು ಯಾಕೆ ನಿಂತಿತು, ಹೊಸದರಲ್ಲಿ ಏನು ಬೇರೆ ಎಂದು ಮೊದಲು ಬಿಡಿಸಿ ಹೇಳಬೇಕು.

ಸತ್ತ ಮಂಗ ಕಂಡರೆ ತಿಳಿಸುವುದಕ್ಕೂ ಕೆಲವರು ಹಿಂಜರಿಯುತ್ತಾರೆ. ಊರಿಗೆ ಕೆಟ್ಟ ಹೆಸರು ಬಂದರೆ ಅಡಿಕೆ ಕೊನೆ ಕೊಯ್ಯುವವರು ಬರುವುದಿಲ್ಲ ಎಂಬ ಹೆದರಿಕೆ. ಮಂಗ ಸತ್ತ ಮೇಲೆ ಅದರ ಮೈಮೇಲಿನ ಉಣುಗೆಲ್ಲ ಕೆಳಗಿಳಿದು ಆ ಜಾಗದಲ್ಲೇ ಕಾದಿರುತ್ತದೆ. ಒಂದು ದಿನ ಮುಚ್ಚಿಟ್ಟರೂ ಆ ದಾರಿಯಲ್ಲಿ ಹೋಗುವವರಿಗೆ ಅಪಾಯ.

ನಮ್ಮಲ್ಲಿ ನಿಜವಾಗಿ ಕೆಲಸ ಮಾಡಿದ್ದು ಆಶಾ ಕಾರ್ಯಕರ್ತೆಯ ಮಾತು. ಅವರೂ ದರಕಿಗೆ ಹೋಗುವವರೇ. ಬೆಳಿಗ್ಗೆ ದಾರಿಯಲ್ಲಿ ಸಿಕ್ಕಿದರೆ "ಎಣ್ಣೆ ಹಚ್ಕಂಡ್ಯನೇ?" ಎಂದು ಕೇಳುತ್ತಾರೆ, ಇಲ್ಲ ಅಂದರೆ ಅಲ್ಲೇ ಚೀಲದಿಂದ ತೆಗೆದು ಕೊಡುತ್ತಾರೆ. ಬಾಟಲಿಯನ್ನು ಕೊಟ್ಟಿಗೆಯಲ್ಲಿ ಹಗ್ಗ, ಕತ್ತಿ ಇಡುವ ಕಡೆಯೇ ಇಡಿ ಎಂದವರೂ ಅವರೇ. ನಮ್ಮ ಮನೆಯಲ್ಲಿ ಈಗ ಅಲ್ಲೇ ಇದೆ. ಹಗ್ಗ ತೆಗೆಯುವಾಗ ಎಣ್ಣೆಯೂ ಕೈಗೆ ಸಿಗುತ್ತದೆ.

ಈ ಸಲ ಅಮ್ಮನಿಗೆ ಫೋನ್ ಮಾಡಿದಾಗ ಹೋಗಬೇಡ ಅನ್ನಬೇಡ. ಎಣ್ಣೆ ಬಂತಾ ಕೇಳು. ಬಂದಿಲ್ಲ ಅಂದರೆ ನನಗೆ ಹೇಳು, ನಾನೇ ತಂದು ಕೊಡುತ್ತೇನೆ. ಅಮ್ಮ ಕಾಡಿನಿಂದ ಬಂದ ಕೂಡಲೇ ಬಿಸಿನೀರಿನಲ್ಲಿ ಮೀಯಲಿ, ಉಟ್ಟ ಬಟ್ಟೆಯನ್ನೂ ಬಿಸಿನೀರಿಗೆ ಹಾಕಲಿ. ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಷಾಯ ಕುಡಿದು ಮಲಗುವುದು ಬೇಡ, ಆ ದಿನವೇ ರಕ್ತ ಪರೀಕ್ಷೆ ಮಾಡಿಸಬೇಕು. ರಾತ್ರಿಯಾದರೂ ಸರಿ, ನನ್ನನ್ನು ಕರೆಯಲಿ. ಜೀಪು ಮನೆಯಲ್ಲೇ ಇರುತ್ತದೆ.

ನಿನ್ನವನೇ,
ಸಾಗರದ ಗೆಳೆಯ