ಖಂಡದೂಟಕ್ಕೆ ಖಾರವೊಂದೇ ಅಳತೆಯೇ?

ಮಾನ್ಯ ಸಂಪಾದಕರೆ,

ವಾರದ ಪುರವಣಿಗಳಲ್ಲಿ ನಮ್ಮ ಕಡೆಯ ಸಾವಜಿ (ಖಾರದ ಮಾಂಸದೂಟದ) ಖಾನಾವಳಿಗಳ ಪರಿಚಯ ಬಂದಾಗಲೆಲ್ಲ ಎರಡೇ ಮಾತು: ಕಣ್ಣಲ್ಲಿ ನೀರು ತರಿಸುವ ಖಾರ, ಬಟ್ಟಲ ತುಂಬ ಕೆಂಪು ರಸ್ಸಾ, ಅಂದರೆ ಖಂಡದ ಸಾರು. ಖಂಡ ಕುರಿಯದೋ ಆಡಿನದೋ, ಯಾವ ಭಾಗದ್ದು, ತಾಟಿಗೆ ಎಷ್ಟು ಬಿತ್ತು, ರೊಟ್ಟಿ ಆಗಲೇ ಬಡಿದದ್ದೋ ಬೆಳಿಗ್ಗೆಯದೋ ಎಂಬುದರ ಸುದ್ದಿಯೇ ಇರುವುದಿಲ್ಲ. ಖಾರವನ್ನು ಅಳತೆಗೋಲು ಮಾಡಿದರೆ ಲಾಭ ಕೆಟ್ಟ ಖಾನಾವಳಿಗೇ. ಮುದಿ ಕುರಿ, ನಿನ್ನೆಯ ಖಂಡ, ನೀರು ಬೆರೆಸಿದ ರಸ್ಸಾ ಈ ಮೂರನ್ನೂ ಒಂದು ಹಿಡಿ ಗುಂಟೂರು ಮೆಣಸಿನಪುಡಿ ಮುಚ್ಚಿಬಿಡುತ್ತದೆ. ಅಡುಗೆಮನೆಯಲ್ಲಿ ಇದು ಎಲ್ಲರಿಗೂ ಗೊತ್ತು. ಉಣ್ಣುವವರಿಗೂ ಗೊತ್ತಾಗಲಿ ಎಂದು ಈ ಪತ್ರ.

ಬೆಂಗಳೂರಿನ ಸ್ಟೇಕ್ ಹೋಟೆಲುಗಳಲ್ಲಿ ಕುಳಿತ ಕೂಡಲೇ ಗಿರಾಕಿಯನ್ನು ಎರಡು ಪ್ರಶ್ನೆ ಕೇಳುತ್ತಾರೆ: ಯಾವ ಭಾಗ ಬೇಕು, ಎಷ್ಟು ಬೇಯಬೇಕು. ಬೆನ್ನಿನ ಮೆತ್ತನೆಯ ತುಂಡಾದರೆ ಒಳಗಿನ ಬಿಸಿ 55 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಒಲೆಯಿಂದ ಇಳಿಯುತ್ತದೆ. 70 ದಾಟಿತೋ, ರಸ ಸೋರಿ ಚಕ್ಕೆಯಾಗುತ್ತದೆ. ನಮ್ಮ ರಸ್ಸಾದ ಲೆಕ್ಕ ಇದಕ್ಕೆ ತಿರುವುಮುರುವು. ಮುಂಗಾಲು, ಕುತ್ತಿಗೆ, ನಳ್ಳಿ (ಕಾಲಿನ ಎಲುಬಿನ ಭಾಗ) ಇವು ಪ್ರಾಣಿ ದಿನವೆಲ್ಲ ದುಡಿಸಿದ ಭಾಗಗಳು. ಒಳಗೆ ಬಿಳಿ ನಾರು ತುಂಬಿರುತ್ತದೆ. 80–90 ಡಿಗ್ರಿಯ ಹದವಾದ ಕುದಿತದಲ್ಲಿ ತಾಸುಗಟ್ಟಲೆ ಇದ್ದರೆ ಮಾತ್ರ ಆ ನಾರು ಕರಗಿ ಅಂಟಾಗುತ್ತದೆ. ಆದ್ದರಿಂದ ‘ಎಷ್ಟು ಬೇಯಬೇಕು’ ಎಂಬ ಪ್ರಶ್ನೆ ನಮ್ಮಲ್ಲಿ ಬೇಡ, ಎಲುಬಿನಿಂದ ಖಂಡ ತಾನಾಗಿ ಬಿಡಬೇಕು, ಅಷ್ಟೇ. ‘ಯಾವ ಭಾಗ’ ಎಂಬ ಪ್ರಶ್ನೆಯನ್ನು ಮಾತ್ರ ನಮ್ಮವರೂ ಕೇಳಲೇಬೇಕು. ಇಲ್ಲಿ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಊಟ ಕೆಡುವುದು ಬಹಳ ಸಲ ಒಲೆ ಹೊತ್ತಿಸುವ ಮೊದಲೇ. ಅಮೀನಗಡದ ಕುರಿ ಸಂತೆಯಲ್ಲಿ ಬಲ್ಲವರು ಮೊದಲು ಮಾಡುವ ಕೆಲಸ ಬಾಯಿ ಬಿಡಿಸಿ ಹಲ್ಲು ನೋಡುವುದು. ಹಾಲುಹಲ್ಲು ಇದ್ದರೆ ವರ್ಷದೊಳಗಿನ ಮರಿ, ಎರಡು ದೊಡ್ಡ ಹಲ್ಲು ಬಂದಿದ್ದರೆ ವರ್ಷ ದಾಟಿದ್ದು, ಬಾಯಿ ತುಂಬಿದ್ದರೆ ನಾಲ್ಕರ ಆಚೆಯದು. 25 ಕೆ.ಜಿ. ತೂಗುವ ಮರಿಯಿಂದ ಖಂಡ ಸಿಗುವುದು ಅರ್ಧಕ್ಕೂ ಕಡಿಮೆ, ಸುಮಾರು 11–12 ಕೆ.ಜಿ. ಮರಿ ಹಾಕುವುದನ್ನು ಬಿಟ್ಟ ಮುದಿ ಕುರಿ ಅಗ್ಗಕ್ಕೆ ಸಿಗುತ್ತದೆ, ತೂಕವೂ ಹೆಚ್ಚು. ಅಗ್ಗದ ಬೋರ್ಡಿನ ಹಿಂದೆ ಹೆಚ್ಚಾಗಿ ಅದೇ ಇರುತ್ತದೆ. ತಾಟಿನಲ್ಲಿ ಗುರುತಿಸುವುದು ಕಷ್ಟವಲ್ಲ. ಮುದಿಯ ಖಂಡದ ಎಳೆ ದಪ್ಪ, ಬಣ್ಣ ಕಪ್ಪಗೆ, ಎಲುಬು ಬೆಳ್ಳಗೆ ಕಲ್ಲಿನಂತೆ. ಮರಿಯ ಎಲುಬಿನ ತುದಿ ಕೆಂಪಗಿರುತ್ತದೆ, ಕಡಿದರೆ ಹಲ್ಲಿಗೆ ಸ್ವಲ್ಪ ಮೆತ್ತಗೆ ಸಿಗುತ್ತದೆ. ಇನ್ನು ಆಡು ಮತ್ತು ಕುರಿ: ಆಡಿನಲ್ಲಿ ಕೊಬ್ಬು ಕಡಿಮೆ, ರಸ್ಸಾ ತೆಳ್ಳಗೆ, ವಾಸನೆ ಹಗುರ. ಕುರಿಯ ಕೊಬ್ಬು ಆರಿದೊಡನೆ ತುಟಿಗೆ, ಅಂಗುಳಿಗೆ ಮೇಣದಂತೆ ಕೂಡುತ್ತದೆ. ಎರಡೂ ಚಲೋ ಇರಬಹುದು. ಬೋರ್ಡಿನಲ್ಲಿ ಬರೀ ‘ಮಟನ್’ ಎಂದು ಬರೆದು ಎರಡನ್ನೂ ಒಂದೇ ಪಾತ್ರೆಗೆ ಹಾಕುವುದು ತಪ್ಪು, ಯಾಕೆಂದರೆ ಎರಡೂ ಒಂದೇ ಹೊತ್ತಿಗೆ ಬೇಯುವುದಿಲ್ಲ. ಒಂದು ತುಂಡು ಪುಡಿಪುಡಿ, ಇನ್ನೊಂದು ರಬ್ಬರು ಎಂಬ ದೂರಿನ ಮೂಲ ಇಲ್ಲೇ.

‘ತಾಜಾ’ ಎಂಬ ಮಾತನ್ನೂ ಸ್ವಲ್ಪ ತೂಗಿ ನೋಡಬೇಕು. ಕಡಿದ ಕೆಲವು ತಾಸಿನಲ್ಲಿ ಸ್ನಾಯು ಸೆಟೆದುಕೊಳ್ಳುತ್ತದೆ. ಮತ್ತೆ ಸಡಿಲಾಗಲು ತಂಪಿನಲ್ಲಿ ಹತ್ತಿರ ಹತ್ತಿರ ಒಂದು ದಿನ ಬೇಕು. ಬೆಳಗಿನ ಐದಕ್ಕೆ ಕಡಿದದ್ದನ್ನು ಹತ್ತು-ಹನ್ನೊಂದಕ್ಕೆ ಒಲೆಗೆ ಏರಿಸಿದರೆ ಸೆಟೆತ ಏರುವ ಹೊತ್ತಿನಲ್ಲೇ ಬೇಯಿಸಿದಂತೆ. ಎಷ್ಟು ಸೀಟಿ ಹೊಡೆಸಿದರೂ ಎಳೆ ಗಟ್ಟಿಯೇ. ಕಡಿದ ತಕ್ಷಣ ಬೇಯಿಸಬೇಕು, ಇಲ್ಲವೆ ಶುಚಿಯಾಗಿ ತೂಗುಹಾಕಿ 4 ಡಿಗ್ರಿಯೊಳಗಿನ ತಂಪಿನಲ್ಲಿ ಮರುದಿನದವರೆಗೆ ಇಡಬೇಕು. ‘ಫ್ರಿಜ್ಜಿನ ಖಂಡ’ ಎಂದರೆ ಮೂಗು ಮುರಿಯುವ ಗಿರಾಕಿಗೆ ಇದು ಹಿಡಿಸಲಿಕ್ಕಿಲ್ಲ. ಆದರೆ ಬಿಸಿಲಲ್ಲಿ ಮೂರು ತಾಸು ನೇತಾಡಿದ್ದಕ್ಕಿಂತ ಅದು ಸಾವಿರ ಪಾಲು ಮೇಲು.

ಈಗ ಪಾತ್ರೆಯ ಮಾತು. 1 ಕೆ.ಜಿ. ಖಂಡವನ್ನು ಎಲುಬು ಸಹಿತ 30 ತುಂಡಿನ ಆಸುಪಾಸು ಹೊಡೆಯಬೇಕು. ಅದಕ್ಕಿಂತ ಸಣ್ಣದಾದರೆ ಎಲುಬಿನ ಚೂರು ಬಾಯಿಗೆ ಚುಚ್ಚುತ್ತದೆ, ಬೆಂದ ಮೇಲೆ ಖಂಡ ಹುಡುಕಬೇಕಾಗುತ್ತದೆ. 60 ಮಿ.ಲೀ. ಎಣ್ಣೆಯಲ್ಲಿ ಉಳ್ಳಾಗಡ್ಡಿ ಬಾಡಿಸಿ, ಖಂಡ, ಅರಿಶಿನ, ಉಪ್ಪು, ಹಸಿಶುಂಠಿ-ಬಳ್ಳೊಳ್ಳಿ ಹಾಕಿ, ಹನಿ ನೀರೂ ಹಾಕದೆ ಮುಚ್ಚಳ ಮುಚ್ಚಬೇಕು. ಖಂಡವೇ ನೀರು ಬಿಡುತ್ತದೆ. 15–20 ನಿಮಿಷದಲ್ಲಿ ಆ ನೀರು ಆರಿ, ಎಣ್ಣೆ ಬಿಟ್ಟು, ತುಂಡು ಪಾತ್ರೆಯ ತಳಕ್ಕೆ ಹತ್ತಿ ಕಂದಾಗಲು ಶುರುವಾದಾಗ ಒಂದೂವರೆ ಲೀಟರ್ ಕುದಿಯುವ ನೀರು. ಇಡೀ ರಸ್ಸಾದ ರುಚಿ ಇರುವುದು ಈ ನೀರಾರಿಸುವ ಹಂತದಲ್ಲೇ. ಗಡಿಬಿಡಿಯ ಖಾನಾವಳಿ ಬಿಡುವುದೂ ಇದನ್ನೇ: ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ತುಂಬಿ, ತಣ್ಣೀರು ಸುರಿದು, ಸೀಟಿ ಹೊಡೆಸುತ್ತಾರೆ. ಖಂಡ ಬೇಯುತ್ತದೆ, ರಸ್ಸಾಕ್ಕೆ ಹಸಿ ವಾಸನೆ ಉಳಿಯುತ್ತದೆ. ಆ ವಾಸನೆ ಮುಚ್ಚಲು ಗರಂ ಮಸಾಲಿ, ಮಸಾಲಿಯ ಘಾಟು ಮುಚ್ಚಲು ಖಾರ.

ಮರಿಯಾದರೆ ಮೇಲಿನ ಅಳತೆಗೆ ತೆರೆದ ಪಾತ್ರೆಯಲ್ಲಿ ಒಂದು ತಾಸು, ಒಂದೂಕಾಲು ತಾಸು ಸಾಕು. ಮುದಿಯದಾದರೆ ಎರಡು ತಾಸಿಗೂ ಮೀರಿ. ಗ್ಯಾಸು ಉಳಿಸಲು ಕೆಲವರು ಅಡುಗೆ ಸೋಡಾ ಹಾಕುತ್ತಾರೆ, ಕೆಲವರು ಹಸಿ ಪಪ್ಪಾಯಿ ಅರೆದು ಹಚ್ಚುತ್ತಾರೆ. ಸೋಡಾ ಬಿದ್ದ ಖಂಡ ನಾಲಿಗೆಗೆ ಸಾಬೂನಿನ ಹಾಗೆ ಜಾರುತ್ತದೆ. ಪಪ್ಪಾಯಿ ಹೆಚ್ಚಾದರೆ ಹೊರಗೆಲ್ಲ ಹಿಟ್ಟು, ನಡುವೆ ಗಟ್ಟಿ. ಚಲೋ ಬೆಂದ ಖಂಡ ಹಿಟ್ಟಾಗುವುದಿಲ್ಲ. ಎರಡು ಬೆರಳಿನಿಂದ ಎಳೆದರೆ ಎಳೆ ಎಳೆಯಾಗಿ ಬಿಡುತ್ತದೆ.

ಮಸಾಲಿಗೆ 40 ಗ್ರಾಂ ಒಣಕೊಬ್ಬರಿ, 10 ಗ್ರಾಂ ಗಸಗಸಿ, 15 ಗ್ರಾಂ ಕೊತ್ತಂಬರಿ ಕಾಳು, ಸುಟ್ಟ ಉಳ್ಳಾಗಡ್ಡಿ ಎರಡು, ಚಿಟಿಕೆ ಕಲ್ಲುಹೂವು, ಲವಂಗ-ಚಕ್ಕೆ. ಕೊಬ್ಬರಿ ಜೇನುಬಣ್ಣಕ್ಕೆ ಬಂದಾಗ ನಿಲ್ಲಿಸಬೇಕು, ಕರಿದಾದರೆ ರಸ್ಸಾದ ಕೊನೆಯಲ್ಲಿ ಕಹಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಮೂರು ಪಾಲಿಗೆ ಒಂದು ಪಾಲು ಹಾಕಿ ಒಟ್ಟು 25–30 ಗ್ರಾಂ ಪುಡಿ ಬಿದ್ದರೂ ಉಂಡವರು ಬೆವರುತ್ತಾರೆ, ಖಂಡದ ರುಚಿಯೂ ಉಳಿಯುತ್ತದೆ. ಬರೀ ಗುಂಟೂರಿನಲ್ಲಿ ಮಾಡಿದ ರಸ್ಸಾಕ್ಕೆ ಬಣ್ಣ ಸಾಲದು, ಆಗ ಡಬ್ಬಿಯ ಬಣ್ಣಕ್ಕೆ ಕೈ ಹೋಗುತ್ತದೆ.

ಈ ಬಣ್ಣವನ್ನು ಮೇಜಿನ ಮೇಲೇ ಪತ್ತೆ ಹಚ್ಚಬಹುದು. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುವಂಥದ್ದು. ಬಟ್ಟಲನ್ನು ಐದು ನಿಮಿಷ ಅಲುಗಾಡಿಸದೆ ಇಟ್ಟರೆ ಮೇಲಿನ ತರ್ರಿ (ತೇಲುವ ಎಣ್ಣೆಯ ಪದರ) ಕೆಂಪಗೆ, ಕೆಳಗಿನ ರಸ ಕಂದಗೆ ಬೇರೆಯಾಗಿ ಕಾಣಬೇಕು. ಕೆಳಗಿನ ನೀರೂ ಗುಲಾಬಿ-ಕೆಂಪಿಗೆ ಹೊಡೆದರೆ, ಕೈ ತೊಳೆದ ಮೇಲೂ ಉಗುರಂಚು ಕೆಂಪಗೆ ಉಳಿದರೆ ಅನುಮಾನ ಪಡಬೇಕು. ಸೇರಿಸಿದ ಬಣ್ಣಗಳು ಸಾಮಾನ್ಯವಾಗಿ ನೀರಿನಲ್ಲಿ ಕರಗುತ್ತವೆ. ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಬಣ್ಣ ಹಾಕುವುದನ್ನು ನಿಷೇಧಿಸಿತು, ಜೂನ್‌ನಲ್ಲಿ ಕಬಾಬಿಗೂ ಕೃತಕ ಬಣ್ಣ ಬೇಡವೆಂದಿತು. ಕಬಾಬಿನ ತಟ್ಟೆ ನೋಡುವ ಕಣ್ಣು ಒಮ್ಮೆ ರಸ್ಸಾದ ಬಟ್ಟಲಿಗೂ ಹೊರಳಲಿ. ತರ್ರಿ ರೂಪಾಯಿ ನಾಣ್ಯದ ದಪ್ಪಕ್ಕಿಂತ ಮೇಲಿದ್ದರೆ ಅದು ಖಂಡದ ಕೊಬ್ಬಲ್ಲ, ಬಡಿಸುವಾಗ ಮೇಲೆ ಸುರಿದ ಎಣ್ಣೆ.

ರಸ್ಸಾ ಗಟ್ಟಿ ಇದ್ದರೆ ಒಳ್ಳೆಯದು ಎಂಬ ನಂಬಿಕೆಯೂ ಸುಳ್ಳು. ಪುಟಾಣಿ (ಹುರಿಗಡಲೆ) ಹಿಟ್ಟು, ಶೇಂಗಾ ಪುಡಿ ಹಾಕಿ ಎಷ್ಟು ಬೇಕಾದರೂ ಗಟ್ಟಿ ಮಾಡಬಹುದು. ಖೀಮಾ ಉಂಡಿ ಒಡೆಯದಿರಲು ಕೆ.ಜಿ.ಗೆ 100 ಗ್ರಾಂ ಪುಟಾಣಿ ಹಿಟ್ಟು ಬೇಕು ನಿಜ, ರಸ್ಸಾಕ್ಕೆ ಅದರ ಕೆಲಸವಿಲ್ಲ. ನಳ್ಳಿ, ಕುತ್ತಿಗೆ ಬಿದ್ದು ಹದವಾಗಿ ಕುದಿದ ರಸ್ಸಾ ನೋಡಲು ತೆಳ್ಳಗೇ ಇರುತ್ತದೆ, ಆದರೆ ಎರಡು ಗುಟುಕಿಗೆ ತುಟಿಗೆ ತುಟಿ ಅಂಟುತ್ತದೆ. ಪಾರ್ಸಲ್ ತಂದದ್ದು ಉಳಿದರೆ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ನೋಡಿ. ಎಣ್ಣೆಯ ಪದರದ ಕೆಳಗೆ ಅಲುಗಾಡುವ ಗಡ್ಡೆಯಾಗಿದ್ದರೆ ಎಲುಬು ಕುದಿದಿದೆ. ನೀರು ನೀರಾಗಿಯೇ ಇದ್ದರೆ ಮಸಾಲಿ ನೀರಿಗೆ ದುಡ್ಡು ಕೊಟ್ಟಿದ್ದೀರಿ. ಬೆಳಗಾವಿ ಕಡೆಯ ಪಾಂಢರಾ (ಬಿಳಿ) ರಸ್ಸಾದಲ್ಲಿ ಇನ್ನೊಂದು ಕುತ್ತು: ತೆಂಗಿನ ಹಾಲು ಹಾಕಿದ ಮೇಲೆ ಜೋರಾಗಿ ಕುದಿಸಿದರೆ ಒಡೆದು ಮೇಲೆ ಬಿಳಿ ಕಣ ತೇಲುತ್ತದೆ. ಅದು ಹಳಸಿದ್ದಲ್ಲ, ಕೈ ತಪ್ಪಿದ್ದು.

ಸುಕ್ಕಾ, ಬೋಟಿ, ಕಲೇಜಿಗೆ ಹೆಚ್ಚು ಮಾತು ಬೇಡ. ಕಲೇಜಿ ಐದಾರು ನಿಮಿಷಕ್ಕೆ ಮುಗಿಯಬೇಕು. ಬೋಟಿ ಬಿಸಿನೀರು, ಉಪ್ಪು, ಸುಣ್ಣದಲ್ಲಿ ತಿಕ್ಕಿ ತೊಳೆದಿರಬೇಕು. ಬೋಟಿಯ ವಾಸನೆ ಬಂದರೆ ತಾಟು ಸರಿಸಿ ಏಳುವುದೇ ಮೇಲು.

ರೊಟ್ಟಿ ಮಾತ್ರ ಹಾಗೆ ಬಿಡುವ ವಿಷಯವಲ್ಲ. ಖಂಡ ಚಲೋ ಇದ್ದು ರೊಟ್ಟಿ ಕೆಟ್ಟರೆ ಊಟ ಕೆಟ್ಟಂತೆಯೇ. ಜೋಳದಲ್ಲಿ ಗೋದಿಯ ಜಿಗುಟು ಇಲ್ಲ, ಜಿಗಿ ತರುವುದು ಎಸರು. ಅರ್ಧ ಕೆ.ಜಿ. ಹಿಟ್ಟಿಗೆ ಕುದಿಯುವ ನೀರು 400 ಮಿ.ಲೀ. ದಾಟಿ ಬೇಕಾಗುತ್ತದೆ, ಆರಿದ ನೀರು ಹಾಕಿದರೆ ಬಡಿಯುವಾಗ ಅಂಚು ಬಿರಿಯುತ್ತದೆ. ಹಿಟ್ಟು ಹತ್ತು ದಿನಕ್ಕಿಂತ ಹಳೆಯದಾದರೆ ಎಸರು ಎಷ್ಟೇ ಕುದಿದರೂ ಜಿಗಿ ಸಾಲದು, ಬಾಯಿಗೆ ಕಹಿ ಬೇರೆ. ವಿಜಯಪುರದ ಹಿಂಗಾರಿ ಮಾಲದಂಡಿ ಜೋಳದ ಹಿಟ್ಟಾದರೆ ರೊಟ್ಟಿ ಬೆಳ್ಳಗೆ, ಸಿಹಿ, ತಣ್ಣಗಾದರೂ ಮೆತ್ತಗೆ. ಹಂಚಿನ ಮೇಲೆ ಹಾಕಿ ನೀರು ಸವರಿ, ತಿರುವಿ, ಉಬ್ಬಿದ ಮೇಲೆ ತಾಟಿಗೆ ಬರಬೇಕು. ಬೆಳಿಗ್ಗೆ ಬಡಿದು ಡಬ್ಬಿಯಲ್ಲಿ ಮುಚ್ಚಿಟ್ಟ ರೊಟ್ಟಿ ತನ್ನ ಉಗಿಗೇ ಬೆವತು ತೊಗಲಾಗುತ್ತದೆ. ಅದಕ್ಕಿಂತ ಪ್ರಾಮಾಣಿಕವಾಗಿ ಖಡಕ್ ರೊಟ್ಟಿ ಕೊಟ್ಟರೆ ರಸ್ಸಾದಲ್ಲಿ ಮುರಿದು ಹಾಕಿಕೊಂಡು ಉಣ್ಣಬಹುದು. ಅದೂ ಒಂದು ಸೊಗಸು. ಉಳ್ಳಾಗಡ್ಡಿ, ಲಿಂಬಿ ಆಗಲೇ ಹೆಚ್ಚಿದ್ದಿರಲಿ.

ಲೆಕ್ಕಕ್ಕೆ ಬರೋಣ. ಹಸಿ ಖಂಡ 1 ಕೆ.ಜಿ. ಬೆಂದ ಮೇಲೆ 650 ಗ್ರಾಂ ಆಸುಪಾಸು ಉಳಿಯುತ್ತದೆ. ಅದರಲ್ಲಿ ಆರು ತಾಟು ಮಾಡಿದರೆ ತಾಟಿಗೆ ಎಲುಬು ಸಹಿತ 100 ಗ್ರಾಂ ಮೇಲೆ, ಐದು ತುಂಡು. ಇದು ನ್ಯಾಯದ ಊಟ. ಹತ್ತು ತಾಟು ಮಾಡಿದರೆ ಮೂರು ತುಂಡು, ಅದರಲ್ಲೊಂದು ಬರೀ ಎಲುಬು. ‘ಅನ್‌ಲಿಮಿಟೆಡ್ ರಸ್ಸಾ’ ಎಂಬ ಬೋರ್ಡು ಕಂಡಲ್ಲಿ ತುಂಡು ಎಣಿಸಿ. ರಸ್ಸಾ ಎಷ್ಟು ಬೇಕಾದರೂ ಕೊಡುವವನು ಖಂಡದಲ್ಲಿ ಕೈ ಬಿಗಿಹಿಡಿದಿರುತ್ತಾನೆ.

ಕೊನೆಗೆ ರಾತ್ರಿಯ ಊಟ. ಚಲೋ ಖಾನಾವಳಿಯಲ್ಲಿ ದಿನಕ್ಕೆ ಎರಡು ಸಲ ಪಾತ್ರೆ ಏರುತ್ತದೆ, ಮಧ್ಯಾಹ್ನಕ್ಕೊಂದು, ಸಂಜೆ ಆರಕ್ಕೊಂದು. ಬೆಳಿಗ್ಗೆಯದನ್ನೇ ಒಲೆಯ ಪಕ್ಕ ಉಗುರುಬೆಚ್ಚಗೆ ಇಟ್ಟು, ರಾತ್ರಿ ನೀರು-ಖಾರ ಸೇರಿಸಿ ಕುದಿಸಿ ಕೊಡುವುದು ರುಚಿಯ ಪ್ರಶ್ನೆ ಮಾತ್ರವಲ್ಲ. ಖಂಡದ ರಸದಲ್ಲಿ ಕೆಲವು ರೋಗಾಣುಗಳ ಬೀಜ ಕುದಿತಕ್ಕೂ ಸಾಯದೆ ಉಳಿದು, 60 ಡಿಗ್ರಿಗಿಂತ ಕೆಳಗೆ ಬೆಚ್ಚಗಿದ್ದಾಗ ಮೊಳೆತು ಬೆಳೆಯುತ್ತವೆ. ಒಂದೇ ದೊಡ್ಡ ಪಾತ್ರೆ ನಿಧಾನವಾಗಿ ಆರುವುದರಿಂದ ಅದರ ನಡುಭಾಗ ತಾಸುಗಟ್ಟಲೆ ಆ ಬೆಚ್ಚನೆಯಲ್ಲೇ ಇರುತ್ತದೆ. ಇಡಲೇಬೇಕಾದರೆ 60ಕ್ಕಿಂತ ಮೇಲೆ ಬಿಸಿ ಇಡಬೇಕು, ಇಲ್ಲವೆ ಅಗಲ ತಾಟುಗಳಿಗೆ ಸುರಿದು ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸಬೇಕು.

ಖಾನಾವಳಿ ಮಾಲೀಕರಲ್ಲಿ ನಮ್ಮ ಕೋರಿಕೆ ಸಣ್ಣದು. ಬೋರ್ಡಿನಲ್ಲಿ ದರದ ಪಕ್ಕ ಮೂರು ಮಾತು ಸೇರಿಸಿ: ಕುರಿಯೋ ಆಡೋ, ತಾಟಿಗೆ ಹಸಿ ಖಂಡ ಎಷ್ಟು ಗ್ರಾಂ, ಪಾತ್ರೆ ಎಷ್ಟು ಹೊತ್ತಿಗೆ ಇಳಿದದ್ದು. ಪತ್ರಿಕೆಗೆ ಪರಿಚಯ ಬರೆಯುವವರು ಮಧ್ಯಾಹ್ನ ಒಂದಕ್ಕೆ ಹೋಗುವುದು ಬಿಟ್ಟು ರಾತ್ರಿ ಒಂಬತ್ತೂವರೆಗೆ ಹೋಗಲಿ, ಖಾರ ಕಡಿಮೆ ಮಾಡಿಸಿ ಅದೇ ರಸ್ಸಾ ಕೇಳಲಿ.

ಇಂತಿ,
ಅಡುಗೆ ಕಸುಬಿನ ಕೆಲವರು
ನವನಗರ, ಬಾಗಲಕೋಟೆ