ನಮ್ಮ ಸಂಗನಕಲ್ಲು ಗುಡ್ಡ ರೇಡಿಯೊದಲ್ಲಿ ಬರಬೇಕು

ಫಿಲಡೆಲ್ಫಿಯಾ
ಅಕ್ಟೋಬರ್, ಭಾನುವಾರ

ಅಪ್ಪ, ಅಮ್ಮನಿಗೆ ನಮಸ್ಕಾರ. ತಮ್ಮನಿಗೆ ಈ ಸಲ ಒಂದು ಕೆಲಸ ಹಚ್ಚುವುದಿದೆ, ಪೂರ್ತಿ ಓದಲಿ.

ಮೊದಲು, ನಾನಿಲ್ಲಿ ಕಾಲೇಜು ರೇಡಿಯೊದಲ್ಲಿ ಮಾಡುವ ಕೆಲಸಕ್ಕೆ ದುಡ್ಡು ಕೊಡುತ್ತಾರಾ ಅಂತ ಅಮ್ಮ ಫೋನಿನಲ್ಲಿ ಕೇಳಿದ್ದಕ್ಕೆ ಉತ್ತರ. ಇಲ್ಲ, ರೇಡಿಯೊದವರು ಒಂದು ಪೈಸೆಯೂ ಕೊಡುವುದಿಲ್ಲ. ಕಾಲೇಜು ರೇಡಿಯೊ ಅಂದರೆ ಹಾಗೇ. ಹಾಡು ಹಾಕುವವರಿಂದ ವೈರ್ ಸುತ್ತಿಡುವವರವರೆಗೆ ಎಲ್ಲರದೂ ಪುಕ್ಕಟೆ ದುಡಿಮೆ. ಓದೇನೂ ಹಾಳಾಗುತ್ತಿಲ್ಲ, ವಾರಕ್ಕೆ ಅರ್ಧ ಗಂಟೆಯ ಕಾರ್ಯಕ್ರಮ ಅಷ್ಟೆ. (ತಯಾರಿಗೆ ಎಷ್ಟು ಹೊತ್ತು ಹೋಗುತ್ತದೆ ಅಂತ ಮಾತ್ರ ಕೇಳಬೇಡಿ.)

ಇಲ್ಲಿ ಎಫ್‌ಎಂನಲ್ಲಿ 88ರಿಂದ 92 ಮೆಗಾಹರ್ಟ್ಸ್‌ವರೆಗಿನ ಜಾಗವನ್ನು ವ್ಯಾಪಾರಕ್ಕಲ್ಲದ ಸ್ಟೇಷನ್‌ಗಳಿಗೇ ಬಿಟ್ಟಿದ್ದಾರೆ. ಸಹಾಯ ಮಾಡಿದ ಅಂಗಡಿಯ ಹೆಸರು ಹೇಳಿ ಥ್ಯಾಂಕ್ಸ್ ಅನ್ನಬಹುದು, 'ಬಂದು ಕೊಳ್ಳಿ' ಅಂದರೆ ತಪ್ಪು. ಗಂಟೆಗೊಮ್ಮೆ ಸ್ಟೇಷನ್ನಿನ ಗುರುತಿನ ಅಕ್ಷರಗಳನ್ನೂ ಊರಿನ ಹೆಸರನ್ನೂ ಹೇಳಲೇಬೇಕು. ಅದು ನನ್ನ ಪಾಲಿಗೆ ಬಂದಾಗ ಪ್ರದೇಶ ಸಮಾಚಾರ ಓದುವವರ ಗತ್ತಿನಲ್ಲೇ ಹೇಳುತ್ತೇನೆ, ಅಪ್ಪ.

ನಮ್ಮದು ವಿಜ್ಞಾನದ ಮಾತುಕತೆ. ವಾರಕ್ಕೊಬ್ಬ ಸಂಶೋಧಕರನ್ನು ಕೂರಿಸಿಕೊಂಡು ಮಾತಾಡಿಸುತ್ತೇವೆ. ಎಲ್ಲರೂ ಬುದ್ಧಿವಂತರೇ, ಆದರೆ ಸ್ಲೈಡ್ ಇಲ್ಲದಿದ್ದರೆ ಕೆಲವರಿಗೆ ಮಾತೇ ಹೊರಡುವುದಿಲ್ಲ. 'ಈ ಗ್ರಾಫ್ ನೋಡಿದರೆ' ಅಂತ ಖಾಲಿ ಗೋಡೆಗೆ ಕೈ ತೋರಿಸುತ್ತಾರೆ! ನಾನು ಸದ್ದು ಹೆಚ್ಚು ಕಡಿಮೆ ಮಾಡುವ ಮಿಕ್ಸರ್ ಮುಂದೆ ಕೂರುವವಳು. ಮೈಕಿಗೆ ನೇರವಾಗಿ ಬಾಯಿಟ್ಟರೆ ಪ, ಬ ಬಂದಾಗಲೆಲ್ಲ ಗಾಳಿ ಬಡಿದು ಡಬ್ ಅನ್ನುತ್ತದೆ. ಅದಕ್ಕೆ ಮೈಕನ್ನು ಸ್ವಲ್ಪ ಓರೆಗೆ ತಿರುಗಿಸಬೇಕು. ಮೀಟರಿನ ಸೂಜಿ ಕೆಂಪಿಗೆ ಹೋಗದಂತೆ ಕಾಯಬೇಕು. ನನ್ನ ಕೇಳಿದರೆ, ಕಿವಿಗೆ ಸಿಗುವ ವಿಜ್ಞಾನವೇ ರೇಡಿಯೊಗೆ ಸರಿ.

ಹೋದ ವಾರ ಅಂಥದ್ದೇ ಸಿಕ್ಕಿತು. ಇಲ್ಲಿಂದ ಉತ್ತರಕ್ಕೆ ಬಕ್ಸ್ ಕೌಂಟಿಯಲ್ಲಿ ರಿಂಗಿಂಗ್ ರಾಕ್ಸ್ ಅಂತ ಒಂದು ಪಾರ್ಕ್ ಇದೆ. ಕಾಡಿನ ನಡುವೆ ಬರೀ ಬಂಡೆಗಳು. ಜನ ಮನೆಯಿಂದ ಸುತ್ತಿಗೆ ತಂದು ಬಡಿಯುತ್ತಾರೆ, ಕೆಲವು ಬಂಡೆ ಗಂಟೆಯ ಹಾಗೆ ಠಣ್ ಅನ್ನುತ್ತವೆ. 1890ರಲ್ಲಿ ಓಟ್ ಅನ್ನುವ ಡಾಕ್ಟರೊಬ್ಬರು ಬ್ಯಾಂಡಿನವರ ಜೊತೆ ಈ ಕಲ್ಲುಗಳನ್ನೇ ಬಾರಿಸಿ ಕಚೇರಿ ಮಾಡಿದ್ದರು. ಭೂವಿಜ್ಞಾನದ ಅತಿಥಿ ಆ ಬಂಡೆಗಳ ಸದ್ದು ರೆಕಾರ್ಡ್ ಮಾಡಿ ತಂದಿದ್ದರು. ಬಂಡೆ ಮಣ್ಣಿನಲ್ಲಿ ಹೂತಿದ್ದರೆ ಸದ್ದು ಅಲ್ಲೇ ಸಾಯುತ್ತದೆ, ಒಂದೆರಡು ಕಡೆ ಮಾತ್ರ ತಾಗಿ ಕೂತಿದ್ದರೆ ಇಡೀ ಬಂಡೆ ನಡುಗುತ್ತದೆ ಅಂದರು. ಕಲ್ಲಿನ ಒಳಗಿನ ಬಿಗಿತವೂ ಕಾರಣ ಅನ್ನುವ ವಾದ ಇದೆಯಂತೆ.

ನಾನು ಸುಮ್ನೆ ಇರಲಾಗದೆ 'ಇದು ಬಳ್ಳಾರಿಯಲ್ಲೂ ಇದೆ' ಅಂದೆ. ಸಂಗನಕಲ್ಲು, ಕುಪ್ಪಗಲ್ಲು ಗುಡ್ಡ! ಗುಡ್ಡ ಗ್ರಾನೈಟಿನದು, ಅದರೊಳಗೆ ಡಾಲರೈಟ್ ಅನ್ನುವ ಕರಿಗಲ್ಲಿನ ಪಟ್ಟೆ. ಬಕ್ಸ್ ಕೌಂಟಿಯದೂ ಅದೇ ಜಾತಿಯ ಕಲ್ಲು. ಆದರೆ ನಮ್ಮದರ ಮೇಲೆ ಚಿತ್ರಗಳಿವೆ, ಉದ್ದ ಕೊಂಬಿನ ದನಗಳು, ಮನುಷ್ಯರು, ಎಲ್ಲ ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ್ದು. ಹತ್ತಿರದ ಕೆಲವು ಬಂಡೆಗಳಲ್ಲಿ ಬಡಿದು ಬಡಿದು ಸವೆದ ಗುಂಡಿಗಳು. ಅಲ್ಲಿ ಹೊಡೆದರೆ ನಾದ ಬರುತ್ತದೆ. ನಿಕೋಲ್ ಬಾಯ್ವಿನ್ ಅನ್ನುವ ಸಂಶೋಧಕಿ 2004ರಲ್ಲಿ ಇದರ ಬಗ್ಗೆ ಬರೆದರು. ಹೊಸ ಶಿಲಾಯುಗದ ಜನ ಅಲ್ಲಿ ದನ ಕಾಯ್ದುಕೊಂಡು, ಸಗಣಿ ಸುಟ್ಟ ಬೂದಿ ದಿಬ್ಬ ಬಿಟ್ಟುಹೋದ ಜಾಗ ಅದು. ಅಂಥ ಕಡೆ ಕ್ವಾರಿಗೆ ಅಂತ ಗ್ರಾನೈಟ್ ಒಡೆದದ್ದು ನೆನೆದರೆ ಹೊಟ್ಟೆ ಉರಿಯುತ್ತದೆ.

ಈಗ ತಮ್ಮನ ಕೆಲಸ. ನಮ್ಮ ಗುಂಪಿನವರಿಗೆ ಆ ನಾದ ಬೇಕು. ಊರಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂನಲ್ಲಿ ವಿಚಾರಿಸು, ಗೊತ್ತಿದ್ದವರನ್ನು ಕರೆದುಕೊಂಡೇ ಹೋಗು. ಅವರು ಬೇಡ ಅಂದರೆ ಬೇಡ. ಚಿತ್ರ ಇರುವ ಬಂಡೆ ಮುಟ್ಟಲೇಬೇಡ. ಗಾಳಿ ಏಳುವ ಮುಂಚೆ, ಬೆಳಿಗ್ಗೆ ಬೇಗ ಹೋಗು. ಫೋನನ್ನು ಮಡಿಸಿದ ಟವೆಲ್ ಮೇಲಿಡು, ಕೈಯಲ್ಲಿ ಹಿಡಿಯಬೇಡ. ಪ್ರತಿ ಹೊಡೆತ ಆದ ಮೇಲೆ ನಾದ ಪೂರ್ತಿ ಅಡಗುವವರೆಗೆ ಬಾಯಿ ಮುಚ್ಚಿಕೊಂಡಿರು (ಇದೇ ನಿನಗೆ ಜಾಸ್ತಿ ಕಷ್ಟ). ಏನೂ ಬಡಿಯದೆ ಬರೀ ಗುಡ್ಡದ ಸದ್ದನ್ನೂ ಒಂದು ನಿಮಿಷ ಹಿಡಿ, ಎಡಿಟಿಂಗ್‌ಗೆ ಬೇಕು. ವಾಟ್ಸಾಪ್ ವಾಯ್ಸ್ ಮೆಸೇಜ್ ಮಾಡಬೇಡ, ಸದ್ದು ಕೆಡುತ್ತದೆ. ಫೈಲನ್ನೇ ಮೇಲ್ ಮಾಡು. ಬರುವಾಗ ಒಗ್ಗರಣೆ, ಮಿರ್ಚಿ ತಿಂದ ಬಿಲ್ ನನ್ನ ಲೆಕ್ಕಕ್ಕೆ.

ಕಾರ್ಯಕ್ರಮ ಇಲ್ಲಿ ಬುಧವಾರ ಸಂಜೆ 6ಕ್ಕೆ. ನಿಮಗದು ಗುರುವಾರ ಬೆಳಗಿನ ಜಾವ 3:30. ನವೆಂಬರ್‌ನಲ್ಲಿ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಗ 4:30 ಆಗುತ್ತದೆ. ನಮ್ಮ ಗುಡ್ಡದ ಸಂಚಿಕೆಯನ್ನು ಅದಾದ ಮೇಲೇ ಇಟ್ಟುಕೊಳ್ಳೋಣ ಅಂತ ಇಲ್ಲಿಯವರನ್ನು ಒಪ್ಪಿಸಿದ್ದೇನೆ. ಅಪ್ಪ ಆ ಹೊತ್ತಿಗೆ ಹೇಗೂ ಎದ್ದಿರುತ್ತಾರೆ ಅಲ್ವಾ?

ನಿಮ್ಮ ಮಗಳು